ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಆರ್ಕೇಡ್ ಆಟಗಳ ಮಾನಿಟರ್ ಕೆಟ್ಟಾಗ

1980ರ ಆಸುಪಾಸಿನಲ್ಲಿ ಅಮೆರಿಕ, ಕೆನಡಾ, ಜಪಾನುಗಳ ಆಟದ ಮಳಿಗೆಗಳಲ್ಲಿ ಜನ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೋ ಆಟಗಳ ಪೆಟ್ಟಿಗೆಗಳನ್ನು ಇಂದು ಕೊಂಡು ತಂದು, ಮನೆಯಲ್ಲಿಟ್ಟು, ದುರಸ್ತಿ ಮಾಡಿಕೊಳ್ಳುವವರಲ್ಲಿ ಕನ್ನಡಿಗರೂ ಇದ್ದಾರೆ ಎಂಬುದು ಈ ಬಾರಿ ಬಂದ ಪತ್ರಗಳಿಂದ ತಿಳಿಯುತ್ತದೆ. ಪತ್ರಗಳೆಲ್ಲವೂ ಪೆಟ್ಟಿಗೆಯ ಒಂದೇ ಭಾಗವನ್ನು, ಅಂದರೆ ಪಿಕ್ಚರ್ ಟ್ಯೂಬ್ ಇರುವ ಹಳೆಯ ಮಾನಿಟರನ್ನು ಕುರಿತವು. ಟಿವಿಯಿಂದ ಟ್ಯೂನರನ್ನೂ ಧ್ವನಿಯ ಭಾಗವನ್ನೂ ಕಳೆದು, ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಆಟದ ಬೋರ್ಡಿನಿಂದ ನೇರವಾಗಿ ಪಡೆಯುವಂತೆ ಮಾಡಿದರೆ ಉಳಿಯುವುದೇ ಈ ಮಾನಿಟರ್. ಇದು ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆಗಳನ್ನು ಎಳೆಯುತ್ತದೆ. ನಮ್ಮ ದೂರದರ್ಶನದ ಹಳೆಯ 625 ಗೆರೆಗಳ ಪದ್ಧತಿಯಲ್ಲಿ ಆ ಸಂಖ್ಯೆ 15,625 ಆಗಿತ್ತು. ಆದ್ದರಿಂದ ಹಳೆಯ ಟಿವಿ ದುರಸ್ತಿಯನ್ನು ಬಲ್ಲವರಿಗೆ ಇದರ ಒಳಗು ಅಪರಿಚಿತವೇನೂ ಅಲ್ಲ.

ಪ್ರಶ್ನೆ: ನಮ್ಮಲ್ಲಿ 1982ರ ಮಿಸ್ ಪ್ಯಾಕ್‌ಮ್ಯಾನ್ ಪೆಟ್ಟಿಗೆ ಇದೆ, ಒಳಗಿರುವುದು ಎಲೆಕ್ಟ್ರೋಹೋಮ್ ಕಂಪನಿಯ ಜಿ07 ಮಾನಿಟರ್. ಆಡುತ್ತಿರುವಾಗಲೇ ಚಿತ್ರ ಮಾಯವಾಗಿ ಪರದೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಪ್ರಖರವಾದ ಗೆರೆ ಮಾತ್ರ ಉಳಿಯಿತು. ಧ್ವನಿ ಸರಿಯಾಗಿದೆ, ನಾಣ್ಯ ಹಾಕಿದರೆ ಆಟವೂ ಶುರುವಾಗುತ್ತದೆ. ಗೆರೆ ನೆಟ್ಟಗೆ ನಿಂತಿರುವುದರಿಂದ ಹಾರಿಜಾಂಟಲ್ ವಿಭಾಗವೇ ಕೆಟ್ಟಿದೆ ಎಂದುಕೊಂಡು ಫ್ಲೈಬ್ಯಾಕ್ ಬದಲಿಸಿದೆವು, ಏನೂ ಪ್ರಯೋಜನವಾಗಲಿಲ್ಲ. ಮುಂದೇನು ಮಾಡಬೇಕು?
(ಓದುಗರೊಬ್ಬರು, ನೇಪರ್‌ವಿಲ್, ಇಲಿನಾಯ್)

ಉತ್ತರ: ಮೊದಲು ಬ್ರೈಟ್‌ನೆಸ್ ತಗ್ಗಿಸಿ, ಅಥವಾ ಮಾನಿಟರನ್ನೇ ಆರಿಸಿ. ಇಡೀ ಪರದೆಗೆ ಹರಡಬೇಕಾದ ಎಲೆಕ್ಟ್ರಾನುಗಳು ಒಂದೇ ಗೆರೆಯ ಮೇಲೆ ಬೀಳುತ್ತಿರುವಾಗ ಅಲ್ಲಿನ ಫಾಸ್ಫರ್ ಪದರ ಬೇಗನೆ ಸುಟ್ಟುಹೋಗುತ್ತದೆ. ಮಾನಿಟರ್ ಸರಿಯಾದ ಮೇಲೂ ಆ ಗುರುತು ಅಳಿಯುವುದಿಲ್ಲ.

ನಿಮ್ಮ ಊಹೆ ದಾರಿ ತಪ್ಪಿದ್ದು ಒಂದು ಚಿಕ್ಕ ಸಂಗತಿಯಿಂದ. ಪ್ಯಾಕ್‌ಮ್ಯಾನ್, ಮಿಸ್ ಪ್ಯಾಕ್‌ಮ್ಯಾನ್, ಗ್ಯಾಲಗ, ಡಾಂಕಿ ಕಾಂಗ್ ಮೊದಲಾದ ಆಟಗಳ ಚಿತ್ರ ಅಗಲಕ್ಕಿಂತ ಎತ್ತರವಾಗಿರುವುದರಿಂದ ಅವುಗಳ ಪೆಟ್ಟಿಗೆಯಲ್ಲಿ ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಆಟಗಾರನ ಕಣ್ಣಿಗೆ ನೆಟ್ಟಗೆ ಕಾಣುವ ಗೆರೆ ಟ್ಯೂಬಿನ ಲೆಕ್ಕದಲ್ಲಿ ಅಡ್ಡಗೆರೆ. ಅಡ್ಡಗೆರೆ ಮಾತ್ರ ಉಳಿದಿದೆ ಎಂದರೆ ಎಲೆಕ್ಟ್ರಾನ್ ಕಿರಣವು ಅಡ್ಡಕ್ಕೆ ಸರಿಯಾಗಿಯೇ ಓಡಾಡುತ್ತಿದೆ, ಮೇಲೆ ಕೆಳಗೆ ಚಲಿಸುತ್ತಿಲ್ಲ ಎಂದರ್ಥ. ಕೆಟ್ಟಿರುವುದು ವರ್ಟಿಕಲ್ ವಿಭಾಗ.

ತಿರುಗಿಸಿದ ಟ್ಯೂಬಿನ ಸಂಗತಿ ತಿಳಿಯದಿದ್ದರೂ ಫ್ಲೈಬ್ಯಾಕ್ ಸರಿಯಿದೆ ಎಂದು ಪರದೆಯನ್ನು ನೋಡಿಯೇ ಹೇಳಬಹುದಿತ್ತು. ಟ್ಯೂಬಿನ ಆನೋಡಿಗೆ ಬೇಕಾದ 20,000 ವೋಲ್ಟ್ ಆಸುಪಾಸಿನ ಒತ್ತಡ ಹುಟ್ಟುವುದು ಹಾರಿಜಾಂಟಲ್ ವಿಭಾಗದಲ್ಲೇ. ಅಡ್ಡಗೆರೆಯ ಕೊನೆ ಮುಟ್ಟಿದ ಕಿರಣ ಮತ್ತೆ ಮೊದಲಿಗೆ ಮರಳುವ ಕ್ಷಣದಲ್ಲಿ ಏಳುವ ವಿದ್ಯುತ್ತಿನ ಏಟನ್ನು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಅಷ್ಟು ಎತ್ತರಕ್ಕೆ ಏರಿಸುತ್ತದೆ. ಆ ವಿಭಾಗ ಸತ್ತರೆ ಆನೋಡಿಗೆ ಒತ್ತಡವೇ ಸಿಗದೆ ಪರದೆ ಪೂರ್ತಿ ಕತ್ತಲಾಗುತ್ತದೆ. ಬೆಳಕು ಕಾಣಿಸುತ್ತಿದೆ ಎಂದರೆ ಫ್ಲೈಬ್ಯಾಕ್ ಕೆಲಸ ಮಾಡುತ್ತಿದೆ. ಅಡ್ಡ ಓಟ ನಿಂತರೂ ಬೆಳಕು ಉಳಿಯುವ ಒಂದು ಸಂದರ್ಭವೆಂದರೆ ಯೋಕಿನ, ಅಂದರೆ ಟ್ಯೂಬಿನ ಕುತ್ತಿಗೆಗೆ ತೊಡಿಸಿದ ತಾಮ್ರದ ಸುರುಳಿಗಳ, ಹಾರಿಜಾಂಟಲ್ ಸುರುಳಿಗೆ ಹೋಗುವ ತಂತಿ ಕಡಿದಿರುವುದು; ಆಗ ಗೆರೆ ನಿಮ್ಮ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಕಾಣುತ್ತಿತ್ತು.

ಈಗ ವಿದ್ಯುತ್ತನ್ನು ಕಳಚಿ, ಮುಂದಿನ ಉತ್ತರದಲ್ಲಿ ಹೇಳಿರುವ ಕ್ರಮದಂತೆ ಆನೋಡಿನ ಚಾರ್ಜನ್ನು ಇಳಿಸಿದ ಮೇಲೆ ಯೋಕಿನಿಂದ ಮಾನಿಟರ್ ಬೋರ್ಡಿಗೆ ಬರುವ ಕನೆಕ್ಟರನ್ನು ಪರೀಕ್ಷಿಸಿ. ಈ ಕಾಲದ ಮಾನಿಟರುಗಳಲ್ಲಿ ಡ್ರೈ ಸೋಲ್ಡರ್ ಹೆಚ್ಚಾಗಿ ಕಾಣುವುದು ಇಲ್ಲಿಯೇ. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ, ವರ್ಷಗಳ ಕಾಲ ಅಲುಗಾಡಿದ ಪಿನ್ನಿನ ಸುತ್ತ ಉಂಗುರದಂಥ ಸೂಕ್ಷ್ಮ ಬಿರುಕು ಮೂಡಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಹಳೆಯ ಬೆಸುಗೆಯನ್ನು ತೆಗೆದು ಹೊಸದು ಹಾಕಿ. ನಂತರ ಕನೆಕ್ಟರ್ ಕಳಚಿ ಮಲ್ಟಿಮೀಟರಿನಿಂದ ಯೋಕಿನ ವರ್ಟಿಕಲ್ ಸುರುಳಿಯ ರೋಧವನ್ನು ಅಳೆಯಿರಿ. ಅದು ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳೊಳಗೆ ಇರಬೇಕು. ಮೀಟರ್ ಅನಂತ ತೋರಿಸಿದರೆ ಸುರುಳಿ ಕಡಿದಿದೆ.

ಸುರುಳಿಯೂ ಬೆಸುಗೆಯೂ ಸರಿಯಿದ್ದರೆ ವರ್ಟಿಕಲ್ ವಿಭಾಗಕ್ಕೆ ಡಿಸಿ ವಿದ್ಯುತ್ ತಲುಪುತ್ತಿದೆಯೇ ಎಂದು ಸರ್ಕಿಟ್ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಬೇಕು. ಆ ದಾರಿಯಲ್ಲಿರುವ ರೆಸಿಸ್ಟರ್ ಸುಟ್ಟಿದ್ದರೆ ಅದನ್ನು ಬದಲಿಸುವುದಕ್ಕೆ ಮುನ್ನ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸಿ, ಏಕೆಂದರೆ ರೆಸಿಸ್ಟರ್ ಸುಡುವುದಕ್ಕೆ ಬಹುತೇಕ ಅವುಗಳಲ್ಲೊಂದು ಶಾರ್ಟ್ ಆದದ್ದೇ ಕಾರಣವಾಗಿರುತ್ತದೆ. ಚಿತ್ರ ಒಮ್ಮೆಗೇ ಕುಸಿದು ಗೆರೆಯಾದದ್ದರಿಂದ ನಾನು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳನ್ನು ಕೊನೆಗೆ ಅನುಮಾನಿಸುತ್ತೇನೆ. ಅವು ಒಳಗಿನ ದ್ರವ ಒಣಗುತ್ತ ನಿಧಾನವಾಗಿ ಸಾಯುವ ಜಾತಿ. ಅವುಗಳ ದೋಷದಲ್ಲಿ ಮೊದಲು ಚಿತ್ರದ ಒಂದು ಅಂಚು ಕುಗ್ಗುತ್ತದೆ, ಇಲ್ಲವೇ ಅಂಚಿನ ಗೆರೆಗಳು ಒಂದರ ಮೇಲೊಂದು ಮಡಚಿಕೊಂಡು ಬೆಳ್ಳಗಾಗುತ್ತವೆ.

ಎಲ್ಲ ಕೆಪ್ಯಾಸಿಟರುಗಳನ್ನೂ ಒಟ್ಟಿಗೆ ಬದಲಿಸುವ ‘ಕ್ಯಾಪ್ ಕಿಟ್’ ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತದೆ, ಮತ್ತು ನಾಲ್ಕು ದಶಕ ಹಳೆಯ ಮಾನಿಟರಿಗೆ ಅದು ಒಳ್ಳೆಯದೇ. ಆದರೆ ದೋಷವನ್ನು ಕಂಡುಹಿಡಿದು ಸರಿಪಡಿಸಿದ ಮೇಲೆ ಅದನ್ನು ಹಾಕಬೇಕೇ ಹೊರತು ಕಂಡುಹಿಡಿಯುವುದಕ್ಕೆ ಬದಲಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತು ಮೂವತ್ತು ಕೆಪ್ಯಾಸಿಟರುಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಹಳೆಯ ದೋಷದ ಜೊತೆಗೆ ಹೊಸದೊಂದು ಸೇರಿ, ಪರದೆಯ ಮೇಲಿನ ಲಕ್ಷಣವನ್ನು ಓದುವುದು ಅಸಾಧ್ಯವಾಗುತ್ತದೆ.

ಪ್ರಶ್ನೆ: ಮಾನಿಟರಿನ ಹಿಂಭಾಗವನ್ನು ಮುಟ್ಟಲು ಭಯವಾಗುತ್ತದೆ. ಪಿಕ್ಚರ್ ಟ್ಯೂಬಿನಲ್ಲಿ ಉಳಿದಿರುವ ಚಾರ್ಜನ್ನು ಇಳಿಸುವ ಸರಿಯಾದ ಕ್ರಮ ಯಾವುದು?
(ಓದುಗರೊಬ್ಬರು, ಕಿಚನರ್, ಒಂಟಾರಿಯೊ)

ಉತ್ತರ: ಭಯವಿರುವುದು ಒಳ್ಳೆಯದೇ. ಪಿಕ್ಚರ್ ಟ್ಯೂಬಿನ ಗಾಜಿನ ಒಳಗೂ ಹೊರಗೂ ವಿದ್ಯುತ್ ಹರಿಯಬಲ್ಲ ಲೇಪನಗಳಿರುವುದರಿಂದ ಟ್ಯೂಬೇ ಒಂದು ದೊಡ್ಡ ಕೆಪ್ಯಾಸಿಟರಿನಂತೆ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ಕಿತ್ತ ನಂತರವೂ ಅದು ಬಹಳ ಹೊತ್ತು ಉಳಿಯಬಹುದು.

ಪ್ಲಗ್ಗನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಅದು ನಿಮ್ಮ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ಒಳ್ಳೆಯ ಪ್ಲಾಸ್ಟಿಕ್ ಹಿಡಿಯ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ತಂತಿ ಬೇಕು. ತಂತಿಯ ಒಂದು ತುದಿಯನ್ನು ಮೊದಲು ಟ್ಯೂಬಿನ ಹಿಂಬದಿಗೆ ಒತ್ತಿಕೊಂಡು ಹೋಗುವ ಹೆಣೆದ ಬರಿ ತಂತಿಗೆ, ಅಥವಾ ಅದು ಸೇರಿಕೊಂಡಿರುವ ಟ್ಯೂಬಿನ ಲೋಹದ ಚೌಕಟ್ಟಿಗೆ, ಸಿಕ್ಕಿಸಿ. ಬೋರ್ಡಿನ ಮೇಲೆ ಕೈಗೆ ಸಿಕ್ಕ ಯಾವುದೋ ಬಿಂದುವಿಗೆ ಸಿಕ್ಕಿಸಿದರೆ ಚಾರ್ಜು ಐಸಿ, ಟ್ರಾನ್ಸಿಸ್ಟರುಗಳ ಮೂಲಕ ಹರಿದು ಅವನ್ನು ಕೆಡಿಸಬಹುದು. ಇನ್ನೊಂದು ತುದಿಯನ್ನು ಸ್ಕ್ರೂಡ್ರೈವರಿನ ಲೋಹದ ಕಡ್ಡಿಗೆ ಸಿಕ್ಕಿಸಿ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಹಿಡಿಯನ್ನಷ್ಟೇ ಹಿಡಿದು, ಟ್ಯೂಬಿನ ಗಾಜಿಗೆ ಅಂಟಿದಂತಿದ್ದು ಫ್ಲೈಬ್ಯಾಕಿನ ದಪ್ಪ ತಂತಿ ಬಂದು ಸೇರುವ ಆನೋಡಿನ ರಬ್ಬರ್ ಬಟ್ಟಲಿನ ಅಡಿಗೆ ತುದಿಯನ್ನು ಮೆಲ್ಲಗೆ ತೂರಿಸಿ, ಒಳಗಿನ ಲೋಹದ ಕೊಕ್ಕೆಗೆ ತಾಗಿಸಿ. ಚಟ್ ಎಂಬ ಸದ್ದು ಬರಬಹುದು, ಬಾರದೆಯೂ ಇರಬಹುದು. ಕೆಲವು ಸೆಕೆಂಡು ಹಾಗೆಯೇ ಹಿಡಿದು, ಐದಾರು ನಿಮಿಷ ಬಿಟ್ಟು ಮತ್ತೆ ಮಾಡಿ. ಗಾಜಿನಲ್ಲಿ ಅಡಗಿದ ಚಾರ್ಜಿನ ಸ್ವಲ್ಪ ಭಾಗ ಈ ಹೊತ್ತಿನಲ್ಲಿ ಮೇಲಕ್ಕೆ ಬಂದಿರುತ್ತದೆ.

ಆನೋಡ್ ಖಾಲಿಯಾಯಿತೆಂದು ಮೈಮರೆಯಬೇಡಿ. ವಿದ್ಯುತ್ ಒಳಬರುವ ಭಾಗದಲ್ಲಿರುವ ದಪ್ಪ ಫಿಲ್ಟರ್ ಕೆಪ್ಯಾಸಿಟರ್ ನೂರಕ್ಕೂ ಹೆಚ್ಚು ವೋಲ್ಟ್ ಹಿಡಿದು ಕುಳಿತಿರಬಹುದು, ಅದನ್ನು ಮೀಟರಿನಿಂದ ನೋಡಿಯೇ ಕೈ ಹಾಕಬೇಕು. ಟ್ಯೂಬಿನ ಕುತ್ತಿಗೆ ಅದರ ಅತ್ಯಂತ ದುರ್ಬಲ ಭಾಗ. ಅಲ್ಲಿ ಗಾಜು ಒಡೆದು ಗಾಳಿ ನುಗ್ಗಿದರೆ ಟ್ಯೂಬಿನ ಕಥೆ ಮುಗಿದಂತೆ. ಆದ್ದರಿಂದ ಕನ್ನಡಕ ಧರಿಸಿ, ಮನೆಯಲ್ಲಿ ಇನ್ನೊಬ್ಬರಿರುವಾಗಲೇ ಕೆಲಸ ಮಾಡಿ.

ಪ್ರಶ್ನೆ: ಅಮೆರಿಕದಿಂದ ಮರಳುವಾಗ ಗ್ಯಾಲಗ ಆಟದ ಪೆಟ್ಟಿಗೆಯನ್ನು ಬೆಂಗಳೂರಿಗೆ ತಂದೆವು. 230 ವೋಲ್ಟನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಮೂಲಕ ಓಡಿಸುತ್ತಿದ್ದೇವೆ. ಅಲ್ಲಿದ್ದಾಗ ಚಿತ್ರದಲ್ಲಿ ಮಬ್ಬಾದ ಪಟ್ಟಿಯೊಂದು ನಿಧಾನವಾಗಿ ಸರಿಯುತ್ತಿತ್ತು. ಇಲ್ಲಿ ಪಟ್ಟಿ ಹೋಗಿ, ಇಡೀ ಚಿತ್ರ ಅಂಚುಗಳ ಸಮೇತ ನಡುಗುತ್ತಿದೆ. ಸಾಗಣೆಯಲ್ಲಿ ಹೊಸದೇನಾದರೂ ಕೆಟ್ಟಿತೇ?
(ಓದುಗರೊಬ್ಬರು, ಜಯನಗರ, ಬೆಂಗಳೂರು)

ಉತ್ತರ: ಹೊಸದೇನೂ ಕೆಟ್ಟಿರಲಾರದು, ಅಲ್ಲಿ ಕಂಡದ್ದೂ ಇಲ್ಲಿ ಕಾಣುತ್ತಿರುವುದೂ ಒಂದೇ ದೋಷವೆಂದು ತೋರುತ್ತದೆ. ಎಸಿಯನ್ನು ಡಿಸಿಯಾಗಿಸಿದ ಮೇಲೆ ಅದರ ಏರಿಳಿತವನ್ನು ಸಮ ಮಾಡಬೇಕಾದ ಫಿಲ್ಟರ್ ಕೆಪ್ಯಾಸಿಟರ್ ಸೊರಗಿದಾಗ ಆ ಏರಿಳಿತ ಚಿತ್ರದೊಳಕ್ಕೆ ನುಸುಳುತ್ತದೆ. ಅಮೆರಿಕದ ವಿದ್ಯುತ್ 60 ಹರ್ಟ್ಸ್, ಆಟದ ಚಿತ್ರವೂ ಸೆಕೆಂಡಿಗೆ ಸರಿಸುಮಾರು 60 ಬಾರಿ ಮೂಡುತ್ತದೆ. ಎರಡರ ನಡುವಿನ ಅಂತರ ಅತ್ಯಲ್ಪವಾದ್ದರಿಂದ ಏರಿಳಿತವು ಪ್ರತಿ ಚಿತ್ರದಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಿದ್ದು, ನಿಧಾನವಾಗಿ ತೆವಳುವ ಪಟ್ಟಿಯಾಗಿ ಕಾಣುತ್ತಿತ್ತು. ನಮ್ಮ ವಿದ್ಯುತ್ 50 ಹರ್ಟ್ಸ್. ಈಗ ಅದು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಜಾಗಕ್ಕೆ ಬೀಳುವುದರಿಂದ ಪಟ್ಟಿಯ ಬದಲು ನಡುಕ ಕಾಣುತ್ತದೆ.

ಫಿಲ್ಟರ್ ಕೆಪ್ಯಾಸಿಟರನ್ನು ಬದಲಿಸುವಾಗ ಮೂಲದಷ್ಟೇ ಮೈಕ್ರೋಫ್ಯಾರಡ್, ಮೂಲಕ್ಕೆ ಸಮ ಅಥವಾ ಹೆಚ್ಚಿನ ವೋಲ್ಟ್ ಮತ್ತು 105 ಡಿಗ್ರಿ ತಾಪಮಾನದ ಗುರುತು ಇರುವುದನ್ನು ಆರಿಸಿ. ನಂತರ ಬಿ ಪ್ಲಸ್ ಎನ್ನುವ ಮುಖ್ಯ ಡಿಸಿ ಒತ್ತಡವನ್ನು ಅಳೆಯಿರಿ. ಅದು ಮಾನಿಟರಿನ ಮಾದರಿಯನ್ನು ಅನುಸರಿಸಿ ಬದಲಾಗುತ್ತದೆ. ಜಿ07ರಲ್ಲಿ 120 ವೋಲ್ಟ್. ಚಿತ್ರ ಚಿಕ್ಕದೆನಿಸಿತೆಂದು ಬಿ ಪ್ಲಸ್ ತಿರುಪನ್ನು ತಿರುಗಿಸಿ ದೊಡ್ಡದು ಮಾಡುವ ಅಭ್ಯಾಸ ಕೆಲವರಿಗಿದೆ. ಅದರಿಂದ ಆನೋಡಿನ ಒತ್ತಡವೂ ಏರಿ ಎಕ್ಸ್‌ರೇ ಹೊರಸೂಸುವ ಅಪಾಯವಿದೆ. ಅದನ್ನು ತಡೆಯಲೆಂದೇ ಮಾನಿಟರ್ ತಾನಾಗಿ ಆರುವ ವ್ಯವಸ್ಥೆಯನ್ನು ಹಲವು ಮಾದರಿಗಳಲ್ಲಿ ಇಟ್ಟಿರುತ್ತಾರೆ. ಅಗಲ ಹೊಂದಿಸಲು ವಿಡ್ತ್ ಕಾಯಿಲ್ ಬೇರೆಯೇ ಇದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಕೆಪ್ಯಾಸಿಟರಲ್ಲ, ಟ್ರಾನ್ಸ್‌ಫಾರ್ಮರ್. ಆ ಕಾಲದ ಬಹಳಷ್ಟು ಆರ್ಕೇಡ್ ಮಾನಿಟರುಗಳಲ್ಲಿ ವಿದ್ಯುತ್ ಒಳಬಂದ ಕೂಡಲೇ ನೇರವಾಗಿ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರಿಗೆ ಹೋಗುತ್ತದೆ, ಅಂದರೆ ಬೋರ್ಡಿನ ಗ್ರೌಂಡಿಗೂ ಗೋಡೆಯ ವಿದ್ಯುತ್ತಿಗೂ ನಡುವೆ ತಡೆಯಿಲ್ಲ. ಅದಕ್ಕಾಗಿಯೇ ಪೆಟ್ಟಿಗೆಯೊಳಗೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಸ್ಟೆಪ್‌ಡೌನುಗಳಲ್ಲಿ ಹಲವು ಆಟೋಟ್ರಾನ್ಸ್‌ಫಾರ್ಮರುಗಳು. ಅವು ವೋಲ್ಟನ್ನು ಇಳಿಸುತ್ತವೆ, ಬೇರ್ಪಡಿಸುವುದಿಲ್ಲ. ಒಳಗಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ‘ಹೊರಗೆ ಒಂದಿದೆಯಲ್ಲ’ ಎಂದು ಯಾರಾದರೂ ತೆಗೆದುಹಾಕಿದ್ದರೆ ಕೂಡಲೇ ಮರಳಿ ಹಾಕಿಸಿ. ಜೊತೆಗೆ, 60 ಹರ್ಟ್ಸಿಗೆ ಮಾಡಿದ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆ. 120 ವೋಲ್ಟಿಗೆ ಮಾಡಿದ್ದರ ಸುಖದ ಮಿತಿ 50 ಹರ್ಟ್ಸಿನಲ್ಲಿ ಸುಮಾರು 100 ವೋಲ್ಟಿಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಬಹುದು. ಒಂದು ಗಂಟೆ ಓಡಿಸಿ, ಪ್ಲಗ್ ಕಿತ್ತು, ಕೈಯಿಟ್ಟು ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ 230 ವೋಲ್ಟ್, 50 ಹರ್ಟ್ಸಿಗೆ ತಕ್ಕ ಹೊಸ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಸುತ್ತಿಸುವುದೇ ಒಳ್ಳೆಯದು. ಸುತ್ತಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ.

ನೀವು ಕೇಳದಿದ್ದರೂ ಒಂದು ಮಾತು. ಮೂಲೆಗಳಲ್ಲಿ ಬಣ್ಣದ ಕಲೆಗಳು ಕಾಣುತ್ತಿದ್ದರೆ ಅದಕ್ಕೆ ಭೂಮಿಯೂ ಸ್ವಲ್ಪ ಕಾರಣ. ಅಮೆರಿಕದ ಅಕ್ಷಾಂಶದಲ್ಲಿ ಭೂಕಾಂತದ ಬಲ ಕಡಿದಾಗಿ ನೆಲದೊಳಕ್ಕೆ ಇಳಿಯುತ್ತದೆ, ಬೆಂಗಳೂರಿನಲ್ಲಿ ಅದು ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿದೆ. ಎಲೆಕ್ಟ್ರಾನ್ ಕಿರಣ ಆ ವ್ಯತ್ಯಾಸಕ್ಕೆ ತಕ್ಕಂತೆ ವಾಲುತ್ತದೆ. ಪೆಟ್ಟಿಗೆಯನ್ನು ಇಡಬೇಕಾದ ಜಾಗದಲ್ಲಿ, ಇಡಬೇಕಾದ ದಿಕ್ಕಿಗೆ ಇಟ್ಟು ಡಿಗಾಸ್ ಮಾಡಿಸಿ, ಅಂದರೆ ಟ್ಯೂಬಿನ ಲೋಹದ ಭಾಗಗಳಲ್ಲಿ ಸೇರಿಕೊಂಡ ಕಾಂತತ್ವವನ್ನು ತೆಗೆಸಿ. ಅದರಿಂದಲೂ ಹೋಗದಿದ್ದರೆ ಮಾತ್ರ ಕುತ್ತಿಗೆಯ ಮೇಲಿನ ಪ್ಯೂರಿಟಿ ಉಂಗುರಗಳನ್ನು, ಅಂದರೆ ಬಣ್ಣಗಳು ಬೆರೆಯದಂತೆ ಹೊಂದಿಸುವ ಕಾಂತಗಳನ್ನು, ಮುಟ್ಟಿ.

ಪ್ರಶ್ನೆ: ಡಾಂಕಿ ಕಾಂಗ್ ಪೆಟ್ಟಿಗೆಯ ಮೂಲ ಮಾನಿಟರ್ ಸತ್ತದ್ದರಿಂದ ಬೇರೆ ಆಟದಿಂದ ತೆಗೆದ ಒಳ್ಳೆಯ ಮಾನಿಟರೊಂದನ್ನು ಜೋಡಿಸಿದೆವು. ಚಿತ್ರ ಸ್ಥಿರವಾಗಿದೆ, ಆದರೆ ಫೋಟೋ ನೆಗೆಟಿವಿನಂತೆ ಬಣ್ಣಗಳೆಲ್ಲ ತಿರುವುಮುರುವಾಗಿವೆ.
(ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ)

ಉತ್ತರ: ಮಾನಿಟರ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. 1981ರ ಡಾಂಕಿ ಕಾಂಗ್ ಬೋರ್ಡಿನಿಂದ ನಿಂಟೆಂಡೋ ಕಂಪನಿ ತಲೆಕೆಳಗಾದ ವಿಡಿಯೋ ಸಂಕೇತವನ್ನು ಹೊರಡಿಸುತ್ತಿತ್ತು. ಅದರ ಜೊತೆಗೆ ಬರುತ್ತಿದ್ದ ಸ್ಯಾನ್ಯೋ ಮಾನಿಟರ್ ಅಂಥ ಸಂಕೇತವನ್ನೇ ನಿರೀಕ್ಷಿಸುವಂತೆ ರಚಿತವಾಗಿತ್ತು. ಬೇರೆ ಮಾನಿಟರಿಗೆ ಕೊಡುವಾಗ ನಡುವೆ ಸಂಕೇತವನ್ನು ಮತ್ತೆ ತಿರುವಿಹಾಕುವ ಒಂದು ಇನ್ವರ್ಟರ್ ಬೋರ್ಡ್ ಬೇಕು, ಅದು ಸಿದ್ಧವಾಗಿಯೇ ಸಿಗುತ್ತದೆ. ಸ್ಯಾನ್ಯೋ ಮಾನಿಟರಿಗೆ ಬೇಕಿದ್ದುದು 100 ವೋಲ್ಟ್ ಎಸಿ, ಅದನ್ನು ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಒದಗಿಸುತ್ತದೆ. ಹೊಸ ಮಾನಿಟರಿಗೂ ಅದೇ ತಂತಿಯನ್ನು ಕೊಟ್ಟಿದ್ದರೆ ಅದಕ್ಕೆ ಬೇಕಾದ ವೋಲ್ಟ್ ಎಷ್ಟೆಂದು ಲೇಬಲ್ಲಿನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಚಿತ್ರದಲ್ಲಿ ಕೆಂಪು ಬಣ್ಣವೇ ಇಲ್ಲ. ಟ್ಯೂಬ್ ಹಳತಾಯಿತೇ, ಬೋರ್ಡ್ ಕೆಟ್ಟಿತೇ, ತಿಳಿಯುವುದು ಹೇಗೆ?
(ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಯಾವ ಉಪಕರಣವೂ ಬೇಡದ ಪರೀಕ್ಷೆಯೊಂದಿದೆ. ವಿದ್ಯುತ್ ಆರಿಸಿ, ಆಟದ ಬೋರ್ಡಿನಿಂದ ಮಾನಿಟರಿಗೆ ಬರುವ ಕೆಂಪು ಮತ್ತು ಹಸಿರು ಸಂಕೇತಗಳ ತಂತಿಗಳನ್ನು ಮಾನಿಟರಿನ ತುದಿಯಲ್ಲಿ ಅದಲುಬದಲು ಮಾಡಿ, ಮತ್ತೆ ಹಾಕಿ. ಈಗ ಕೆಂಪು ಕಾಣಿಸಿಕೊಂಡು ಹಸಿರು ಮಾಯವಾದರೆ ಮಾನಿಟರಿನ ಕೆಂಪು ದಾರಿ ಸರಿಯಾಗಿದೆ, ಸಂಕೇತವೇ ಬರುತ್ತಿಲ್ಲ. ಬೋರ್ಡಿನ ಅಂಚಿನ ಕನೆಕ್ಟರನ್ನೂ ತಂತಿಗಳನ್ನೂ ನೋಡಿ. ಬಹುಪಾಲು ಸಲ ಅಲ್ಲಿನ ಕಿಲುಬೇ ಕಾರಣವಾಗಿರುತ್ತದೆ. ಈಗಲೂ ಕೆಂಪೇ ಇಲ್ಲವಾದರೆ ದೋಷ ಮಾನಿಟರಿನಲ್ಲಿದೆ: ಟ್ಯೂಬಿನ ಕುತ್ತಿಗೆಯ ತುದಿಗೆ ಕೂರುವ ಚಿಕ್ಕ ಬೋರ್ಡಿನ ಕೆಂಪು ಟ್ರಾನ್ಸಿಸ್ಟರ್, ಅಲ್ಲಿನ ಡ್ರೈ ಸೋಲ್ಡರ್, ಕೆಂಪಿನ ಡ್ರೈವ್ ಮತ್ತು ಕಟಾಫ್ ತಿರುಪುಗಳು, ಕೊನೆಯದಾಗಿ ಟ್ಯೂಬ್. ಹೊತ್ತಿಸಿದ ಸ್ವಲ್ಪ ಹೊತ್ತಿನ ನಂತರ ಕೆಂಪು ಮೆಲ್ಲಗೆ ತುಂಬಿಕೊಳ್ಳುತ್ತದೆ ಎಂದಾದರೆ ಟ್ಯೂಬಿನ ಕೆಂಪು ಗನ್, ಅಂದರೆ ಕೆಂಪಿಗೆ ಬೇಕಾದ ಎಲೆಕ್ಟ್ರಾನುಗಳನ್ನು ಹೊರಡಿಸುವ ಭಾಗ, ಸೊರಗಿದೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಇದೆ. ಇಡೀ ಪರದೆ ಒಂದೇ ಬಣ್ಣದಲ್ಲಿ ಹೊಳೆಯುತ್ತ ಓರೆಯಾದ ತೆಳು ಗೆರೆಗಳು ಕಂಡರೆ ಆ ಬಣ್ಣದ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ, ಇಲ್ಲವೇ ಟ್ಯೂಬಿನೊಳಗೇ ಶಾರ್ಟ್ ಇದೆ ಎಂದು ಅನುಮಾನಿಸಬೇಕು. ಬರಿ ಬೂದು ಬೆಳಕಿನ ಮೇಲೆ ಅಂಥ ಗೆರೆಗಳಿದ್ದರೆ ಫ್ಲೈಬ್ಯಾಕಿನ ಸ್ಕ್ರೀನ್ ತಿರುಪನ್ನು ಸ್ವಲ್ಪ ಇಳಿಸಿ ನೋಡಿ. ಸೊರಗಿದ ಗನ್ನಿಗೆ ಜೀವ ತುಂಬುವ ರಿಜುವಿನೇಟರ್ ಯಂತ್ರಗಳಿವೆ. ಅವು ಕೆಲವು ಟ್ಯೂಬುಗಳನ್ನು ಉಳಿಸುತ್ತವೆ, ಕೆಲವನ್ನು ಮುಗಿಸುತ್ತವೆ. ಬೇರೆ ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ.

ಪ್ರಶ್ನೆ: 1979ರ ಆಸ್ಟರಾಯ್ಡ್ಸ್ ಪೆಟ್ಟಿಗೆಯಲ್ಲಿ ಚಿತ್ರವಿಲ್ಲ, ಮಾನಿಟರಿನ ಬೋರ್ಡಿನಲ್ಲಿ ಕೆಂಪು ಎಲ್‌ಇಡಿ ಉರಿಯುತ್ತಿದೆ. ವರ್ಟಿಕಲ್ ಹೋಲ್ಡ್, ಹಾರಿಜಾಂಟಲ್ ಹೋಲ್ಡ್ ತಿರುಪುಗಳನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ.
(ಓದುಗರೊಬ್ಬರು, ಸಿಯಾಟಲ್)

ಉತ್ತರ: ಅವು ಇಲ್ಲವೇ ಇಲ್ಲ. ಅಟಾರಿಯ ಆಸ್ಟರಾಯ್ಡ್ಸ್ ವೆಕ್ಟರ್ ಮಾನಿಟರನ್ನು ಬಳಸುತ್ತದೆ. ಮೇಲಿನ ಪತ್ರಗಳಲ್ಲಿ ಬಂದ ಮಾನಿಟರುಗಳಂತೆ ಅಡ್ಡಗೆರೆಗಳನ್ನು ಒಂದರ ಕೆಳಗೊಂದು ತುಂಬುತ್ತ ಹೋಗದೆ, ಇದರ ಕಿರಣ ಬಂಡೆಯ ಅಥವಾ ನೌಕೆಯ ಅಂಚನ್ನು ಬಿಂದುವಿನಿಂದ ಬಿಂದುವಿಗೆ ನೇರವಾಗಿ ಎಳೆಯುತ್ತದೆ. ಆದ್ದರಿಂದ ನೇಪರ್‌ವಿಲ್ಲಿನ ಓದುಗರಿಗೆ ಹೇಳಿದ ತರ್ಕ ಇಲ್ಲಿ ನಡೆಯುವುದಿಲ್ಲ. ಕಿರಣವನ್ನು ಓಡಿಸುವ ಭಾಗವೂ ಆನೋಡಿಗೆ ಒತ್ತಡ ಕೊಡುವ ಭಾಗವೂ ಇಲ್ಲಿ ಪ್ರತ್ಯೇಕವಾಗಿದ್ದು, ಒಂದು ಸತ್ತರೂ ಇನ್ನೊಂದು ಬದುಕಿರಬಲ್ಲದು.

ಕೆಂಪು ಎಲ್‌ಇಡಿ ಸ್ಪಾಟ್ ಕಿಲ್ಲರ್ ಎಂಬ ರಕ್ಷಣೆಯದು. ಕಿರಣ ಚಲಿಸದೆ ನಿಂತರೆ ಪರದೆಯ ನಡುವೆ ಒಂದೇ ಚುಕ್ಕೆ ಉರಿದು ಫಾಸ್ಫರ್ ತೂತಾದಂತೆ ಸುಡುವುದರಿಂದ, ಚಲನೆ ನಿಂತ ಕೂಡಲೇ ಈ ಸರ್ಕಿಟ್ ಬೆಳಕನ್ನು ಕತ್ತರಿಸಿ ಎಲ್‌ಇಡಿಯನ್ನು ಹೊತ್ತಿಸುತ್ತದೆ. ಆದರೆ ಚಲನೆ ನಿಲ್ಲುವುದಕ್ಕೆ ಮಾನಿಟರೇ ಕಾರಣವಾಗಬೇಕಿಲ್ಲ. ಆಟದ ಬೋರ್ಡು ಓಡದಿದ್ದರೂ ಎಲ್‌ಇಡಿ ಉರಿಯುತ್ತದೆ. ತಪ್ಪಿಲ್ಲದ ಮಾನಿಟರನ್ನು ಬಿಚ್ಚಿ ಹರಡುವವರು ಎಡವುವುದು ಇಲ್ಲಿಯೇ. ನಾಣ್ಯ ಹಾಕಿ, ಆಟ ಆರಂಭಿಸಿ, ಕುರುಡಾಗಿ ಗುಂಡು ಹಾರಿಸಿ ನೋಡಿ. ಸದ್ದುಗಳು ಎಂದಿನಂತೆ ಬಂದರೆ ಬೋರ್ಡು ಬಹುಮಟ್ಟಿಗೆ ಓಡುತ್ತಿದೆ. ಅಸಿಲೋಸ್ಕೋಪ್ ಸಿಗುವುದಾದರೆ ಅದನ್ನು ಎಕ್ಸ್-ವೈ ಸ್ಥಿತಿಗೆ ತಂದು ಬೋರ್ಡಿನ ಎಕ್ಸ್ ಮತ್ತು ವೈ ಔಟ್‌ಪುಟ್‌ಗಳಿಗೆ ಜೋಡಿಸಿ. ಬಂಡೆಗಳು ಆ ಪುಟ್ಟ ಪರದೆಯ ಮೇಲೆ ತೇಲಾಡಿದರೆ ಬೋರ್ಡಿನ ಬಗ್ಗೆ ಸಂದೇಹವೇ ಉಳಿಯುವುದಿಲ್ಲ.

ಬೋರ್ಡು ಸರಿಯಿದ್ದರೆ ಮಾನಿಟರಿನ ಫ್ಯೂಸುಗಳು, ಅದರ ಧನ ಮತ್ತು ಋಣ ಡಿಸಿ ಒತ್ತಡಗಳು, ನಂತರ ಲೋಹದ ಚಾಸಿಗೆ ಬಿಗಿದಿರುವ ದೊಡ್ಡ ಔಟ್‌ಪುಟ್ ಟ್ರಾನ್ಸಿಸ್ಟರುಗಳು, ಈ ಕ್ರಮದಲ್ಲಿ ಪರೀಕ್ಷಿಸಿ. ಟ್ರಾನ್ಸಿಸ್ಟರಿಗೂ ಚಾಸಿಗೂ ನಡುವಿನ ಮೈಕಾ ಹಾಳೆ ಸವೆದು ಶಾರ್ಟ್ ಆಗುವುದೂ ಉಂಟು.

ಪ್ರಶ್ನೆ: ನಾನು ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದವನು. ಪರಿಚಯದವರೊಬ್ಬರು ವಿದೇಶದಿಂದ ತಂದ ಆರ್ಕೇಡ್ ಮಾನಿಟರನ್ನು ನನ್ನ ಬಳಿಗೆ ತಂದಿದ್ದಾರೆ. ಹೊತ್ತಿಸಿದ ತಕ್ಷಣ ಫ್ಯೂಸ್ ಹೋಗುತ್ತದೆ. ಲೈನ್ (ಹಾರಿಜಾಂಟಲ್) ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ತೋರಿಸುತ್ತಿದೆ. ಅದೇ ನಂಬರಿನದು ಸಿಗುತ್ತಿಲ್ಲ. ಬಿಯು508 ಹಾಕಬಹುದೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಹಾಕುವ ಮುನ್ನ ನಕ್ಷೆಯಲ್ಲಿ ಒಂದನ್ನು ನೋಡಿ: ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಹೊರಗಿನಿಂದ ಡ್ಯಾಂಪರ್ ಡಯೋಡ್ ಇದೆಯೇ, ಅಥವಾ ಅದು ಟ್ರಾನ್ಸಿಸ್ಟರಿನ ಒಳಗೇ ಇತ್ತೇ? ಬಿಯು508ಡಿ ಒಳಗೆ ಡಯೋಡ್ ಹೊಂದಿದೆ, ಬಿಯು508ಎ ಹೊಂದಿಲ್ಲ. ಡಯೋಡ್ ಇರಬೇಕಾದ ಕಡೆ ಇಲ್ಲದ್ದನ್ನು ಹಾಕಿದರೆ ಹೊಸದೂ ಕ್ಷಣದಲ್ಲಿ ಹೋಗುತ್ತದೆ. ವೋಲ್ಟ್, ಆಂಪಿಯರ್‌ಗಳ ಮಿತಿ ಮೂಲಕ್ಕಿಂತ ಕಡಿಮೆಯಿರಬಾರದು, ಕಾಲುಗಳ ಕ್ರಮವೂ ಹೊಂದಬೇಕು, ಹೀಟ್‌ಸಿಂಕಿನ ನಡುವೆ ಮೈಕಾ ಮತ್ತು ಪೇಸ್ಟ್ ಇರಬೇಕು.

ಟ್ರಾನ್ಸಿಸ್ಟರ್ ತಾನಾಗಿ ಸತ್ತಿತೋ, ಬೇರೊಂದು ಅದನ್ನು ಕೊಂದಿತೋ ಎಂಬುದು ಮುಖ್ಯ ಪ್ರಶ್ನೆ. ಹೊಸದನ್ನು ಹಾಕುವುದಕ್ಕೆ ಮೊದಲು ಬಿ ಪ್ಲಸ್‌ನಿಂದ ಗ್ರೌಂಡಿಗೆ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಜೋಡಿಸಿ, ಲೈನ್ ವಿಭಾಗದ ಬದಲು ಅದೇ ಭಾರವಾಗಿರುವಂತೆ ಮಾಡಿ ಒತ್ತಡವನ್ನು ಅಳೆಯಿರಿ. ನಮ್ಮ 230 ವೋಲ್ಟಿನ ಬಲ್ಬ್ 120 ವೋಲ್ಟಿಗೆ ಮಂಕಾಗಿಯೇ ಉರಿಯುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ. ಬಿ ಪ್ಲಸ್ ಮಿತಿ ಮೀರಿದ್ದರೆ ರೆಗ್ಯುಲೇಟರನ್ನು ಮೊದಲು ಸರಿಪಡಿಸಿ. ಅದು ಸರಿಯಿದ್ದರೆ ಹೊಸ ಟ್ರಾನ್ಸಿಸ್ಟರ್ ಹಾಕಿ, ಮಾನಿಟರಿನ ವಿದ್ಯುತ್ ದಾರಿಯಲ್ಲಿ ಸೀರೀಸ್ ಬಲ್ಬ್ ಇಟ್ಟು ಹೊತ್ತಿಸಿ. ಬಲ್ಬ್ ಒಮ್ಮೆ ಮಿನುಗಿ ಮಂಕಾಗದೆ ಪೂರ್ತಿ ಬೆಳಗುತ್ತಲೇ ಇದ್ದರೆ ಎಲ್‌ಓಟಿಯೊಳಗೆ, ಅಂದರೆ ಫ್ಲೈಬ್ಯಾಕಿನೊಳಗೆ, ಸುರುಳಿ ಶಾರ್ಟ್ ಆಗಿರುವುದನ್ನು ಅನುಮಾನಿಸಬೇಕು. ಡಿಗಾಸ್ ಕಾಯಿಲನ್ನು ಈ ಪರೀಕ್ಷೆಯ ಹೊತ್ತಿಗೆ ಕಳಚಿಡಿ, ಇಲ್ಲವಾದರೆ ಅದು ಎಳೆಯುವ ಕರೆಂಟು ಬಲ್ಬನ್ನು ಬೆಳಗಿಸಿ ದಾರಿ ತಪ್ಪಿಸುತ್ತದೆ.

ಕಲೆಕ್ಟರಿಗೆ ಸೇರಿದ ಹೆಚ್ಚಿನ ವೋಲ್ಟಿನ ಫಿಲ್ಮ್ ಕೆಪ್ಯಾಸಿಟರಿನ ಮೌಲ್ಯವನ್ನು ಮಾತ್ರ ಎಂದಿಗೂ ಬದಲಿಸಬೇಡಿ. ಅದರ ಬೆಲೆ ಇಳಿದರೆ, ಅಥವಾ ಅದು ತೆರೆದುಕೊಂಡರೆ, ಆನೋಡಿನ ಒತ್ತಡ ಜಿಗಿದು ಟ್ರಾನ್ಸಿಸ್ಟರನ್ನೂ ಕೆಲವೊಮ್ಮೆ ಟ್ಯೂಬನ್ನೂ ಕೆಡಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕುವಾಗ ಮೈಕ್ರೋಫ್ಯಾರಡ್ ಜೊತೆಗೆ ಅದರ ವೋಲ್ಟಿನ ಗುರುತನ್ನೂ, ಅದು ಲೈನ್ ವಿಭಾಗಕ್ಕೆಂದೇ ಮಾಡಿದ ಬಗೆಯದೇ ಎಂಬುದನ್ನೂ ನೋಡಿ ಕೊಳ್ಳಿ.

ಪ್ರಶ್ನೆ: ಪ್ಯಾಕ್‌ಮ್ಯಾನ್ ಪೆಟ್ಟಿಗೆಯ ಪರದೆಯ ಮೇಲೆ, ವಿದ್ಯುತ್ ಆರಿಸಿದಾಗಲೂ ಚಕ್ರವ್ಯೂಹದ ಗುರುತು ಕಾಣುತ್ತದೆ. ತೆಗೆಯಲು ಉಪಾಯವಿದೆಯೇ?
(ಓದುಗರೊಬ್ಬರು, ಸ್ಯಾನ್ ಹೋಸೆ)

ಉತ್ತರ: ಇಲ್ಲ. ಅದೇ ಗೋಡೆಗಳು ವರ್ಷಗಟ್ಟಲೆ ಅದೇ ಜಾಗದಲ್ಲಿ ಬೆಳಗಿ ಅಲ್ಲಿನ ಫಾಸ್ಫರ್ ಸವೆದಿದೆ. ಆಟ ನಡೆಯುವಾಗ ಹೊಸ ಗೋಡೆಗಳು ಹಳೆಯ ಗುರುತಿನ ಮೇಲೆಯೇ ಬೀಳುವುದರಿಂದ ಪ್ಯಾಕ್‌ಮ್ಯಾನ್ ಆಡುವವರೆಗೆ ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸಹಿಸಲಾಗದಿದ್ದರೆ ಟ್ಯೂಬ್ ಬದಲಿಸಬೇಕು. ಅದೇ ಅಳತೆಯ, ಅದೇ ಕುತ್ತಿಗೆ ದಪ್ಪದ, ಅದೇ ಪಿನ್ ಜೋಡಣೆಯ ಟ್ಯೂಬನ್ನು ಹಳೆಯ ಟಿವಿಯೊಂದರಿಂದ ತೆಗೆಯಬಹುದು. ಆ ಟ್ಯೂಬಿನ ಯೋಕನ್ನು ಕಳಚುವ ಮೊದಲು ಅದರ ಎರಡೂ ಸುರುಳಿಗಳ ರೋಧವನ್ನು ನಿಮ್ಮ ಹಳೆಯ ಯೋಕಿನೊಂದಿಗೆ ಹೋಲಿಸಿ. ಎರಡೂ ಹತ್ತಿರ ಬಂದರೆ ಅಂಟಿಸಿದ ತುಂಡುಗಳನ್ನೂ ಉಂಗುರಗಳನ್ನೂ ಅಲುಗಾಡಿಸದೆ ಟ್ಯೂಬ್ ಸಮೇತ ಆ ಯೋಕನ್ನೇ ಬಳಸಿದರೆ ಮೂರು ಬಣ್ಣಗಳನ್ನು ಒಂದೇ ಬಿಂದುವಿಗೆ ಕೂಡಿಸುವ ಕನ್ವರ್ಜೆನ್ಸ್ ಕೆಲಸ ಬಹುಪಾಲು ಉಳಿಯುತ್ತದೆ. ಹೊಂದದಿದ್ದರೆ ನಿಮ್ಮ ಹಳೆಯ ಯೋಕನ್ನೇ ಹೊಸ ಟ್ಯೂಬಿಗೆ ತೊಡಿಸಿ, ಪ್ಯೂರಿಟಿಯಿಂದ ಆರಂಭಿಸಿ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕಾಗುತ್ತದೆ.